ಮಂಗಳಾರತಿಯ ನಂತರ ಐದು ನಿಮಿಷ

(ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಆಡಿದ ಮಾತುಗಳು)



ಡೊಂಬಿವಲಿಯ ಭಜನಾ ಮಂಡಳಿಯೊಂದರಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ತಾಳ ಹಿಡಿದು ಕೂತವಳು. ನಮ್ಮ ನಿಧಿಗೆ ಬರುವ ಅರ್ಜಿಗಳನ್ನೂ ಓದುತ್ತೇನೆ. ಹೃದಯ, ಕಿಡ್ನಿ, ಕ್ಯಾನ್ಸರ್ ಎಂದು ಅರ್ಜಿಗಳು ಬರುತ್ತವೆ. ಮನಸ್ಸಿನ ಕಾಯಿಲೆ ಎಂದು ಬರೆದದ್ದನ್ನು ಕಂಡದ್ದು ಒಮ್ಮೆ ಮಾತ್ರ. ಅದರಲ್ಲೂ ಮೊದಲು 'ನಿಶ್ಶಕ್ತಿ' ಎಂದು ಬರೆದು, ಆಮೇಲೆ ಹೊಡೆದುಹಾಕಿ ತಿದ್ದಿದ್ದರು. ಆ ಅರ್ಜಿಯ ಹಿಂದಿನ ಸಂಗತಿಯನ್ನು ಮನೆಯವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಹೇಳುತ್ತೇನೆ.

ಅವನು ಹೋಟೆಲೊಂದರಲ್ಲಿ ಕ್ಯಾಶಿಯರ್. ನಮ್ಮಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ. ಒಂದು ಶುಕ್ರವಾರ ಮಂಗಳಾರತಿ ಆದ ಮೇಲೆ ನನ್ನ ಹತ್ತಿರ ಬಂದು, "ಅಕ್ಕಾ, ನಾನಿಲ್ಲದಿದ್ದರೆ ಮನೆಯವರಿಗೆ ಹಗುರವಾಗ್ತದೆ" ಅಂದ. ನಾನು, "ಹಾಗೆಲ್ಲ ಹೇಳ್ಬಾರದು ಮಾರಾಯ, ದೇವರ ಮೇಲೆ ಭಾರ ಹಾಕು" ಎಂದು ಪ್ರಸಾದ ಕೊಟ್ಟು ಕಳಿಸಿದೆ. ಒಬ್ಬರು ಶನಿಪೂಜೆ ಮಾಡಿಸಲು ಹೇಳಿದರು. ಇನ್ನೊಬ್ಬರು, ಅಂಥ ಯೋಚನೆಯೇ ಮಹಾಪಾಪ ಎಂದರು. ಎರಡು ವಾರ ಕಳೆಯುವಷ್ಟರಲ್ಲಿ ಅವನು ಆಸ್ಪತ್ರೆಯಲ್ಲಿದ್ದ. ದೇವರ ದಯೆ, ಡಾಕ್ಟರರ ಶ್ರಮ, ಬದುಕಿಕೊಂಡ. ನೋಡಲು ಹೋದಾಗ ಹೇಳಿದ: "ಪಾಪ ಅಂದ ಮೇಲೆ ನಾನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ ಅಕ್ಕಾ."

ಅವತ್ತಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 1,70,924 ಮಂದಿ. ರಾಜ್ಯಗಳಲ್ಲಿ ಅತಿ ಹೆಚ್ಚು ಸಂಖ್ಯೆ ನಾವಿರುವ ಮಹಾರಾಷ್ಟ್ರದ್ದು. ಕಾರಣಗಳಲ್ಲಿ ಮೊದಲನೆಯದು ಕುಟುಂಬದ ಸಮಸ್ಯೆ, ಎರಡನೆಯದು ಕಾಯಿಲೆ. ಊರು ಬಿಟ್ಟು ಬಂದ ನಮ್ಮವರು ಇಂಥ ಕಷ್ಟವನ್ನು ಮೊದಲು ತರುವುದು ಡಾಕ್ಟರರ ಬಳಿಗಲ್ಲ. ದೇವಸ್ಥಾನ, ಇಗರ್ಜಿ, ಮಸೀದಿ, ಬಸದಿಗೆ ತರುತ್ತಾರೆ. ಹಾಗಾಗಿ ಅಲ್ಲಿರುವ ನಮಗೆ ಕೇಳಿಸಿಕೊಳ್ಳಲು ಗೊತ್ತಿರಬೇಕು.

ಯಾರಾದರೂ ಬದುಕು ಸಾಕು ಎಂದರೆ ಬುದ್ಧಿ ಹೇಳಬೇಡಿ. ಪಕ್ಕದಲ್ಲಿ ಕೂತು, "ಸಾಯುವ ಯೋಚನೆ ಬರ್ತಾ ಉಂಟಾ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಂಡರೆ ಎದೆ ಸ್ವಲ್ಪ ಹಗುರವಾಗುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಮನೆಯವರಿಗೆ ತಿಳಿಸಿ, ಜೊತೆಯಲ್ಲೇ ಡಾಕ್ಟರರ ಬಳಿ ಹೋಗಿ. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಇದೆ, ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ತಡ ಮಾಡಬೇಡಿ. ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರ ಆರೈಕೆ ಸರಕಾರದ ಹೊಣೆ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ಜೀವ ಹೋದ ಮನೆಯನ್ನೂ ಮರೆಯಬಾರದು. ಅಂಥ ಮನೆಗೆ ಹೋಗಲು ನಾವು ಹಿಂಜರಿಯುತ್ತೇವೆ, ಅವರೂ ಭಜನೆಗೆ ಬರುವುದನ್ನು ನಿಲ್ಲಿಸುತ್ತಾರೆ. ಹೋಗಿ ಕರೆಯಿರಿ. ಕಾರಣ ಕೇಳಬೇಡಿ.

ಪೂಜೆ ಬೇಡವೆಂದು ನಾನು ಹೇಳುತ್ತಿಲ್ಲ. ಆ ಹುಡುಗ ಈಗ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾನೆ, ಹಾರ್ಮೋನಿಯಂ ಕೂಡ ನುಡಿಸುತ್ತಾನೆ. ಅವನ ಚಿಕಿತ್ಸೆಯ ಮೊದಲ ವರ್ಷದ ಖರ್ಚನ್ನು ಈ ನಿಧಿ ಕೊಟ್ಟಿತು. ಅದು ನೀವು ಕೊಟ್ಟ ಹಣ.

ನನ್ನ ಬೇಡಿಕೆ ಎರಡು. ನಮ್ಮ ಅರ್ಜಿ ನಮೂನೆಯಲ್ಲಿ ಉಳಿದ ಕಾಯಿಲೆಗಳ ಸಾಲಿನಲ್ಲೇ 'ಮಾನಸಿಕ ಕಾಯಿಲೆ' ಎಂದೂ ಅಚ್ಚಾಗಲಿ, ಇನ್ನು ಯಾರೂ 'ನಿಶ್ಶಕ್ತಿ' ಎಂದು ಬರೆಯುವಂತಾಗಬಾರದು. ಈ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ಆದ್ದರಿಂದ ದಾನಿಗಳು ಸಾಧ್ಯವಾದಷ್ಟನ್ನು ಪ್ರತಿ ತಿಂಗಳೂ ಕೊಡಬೇಕೆಂದು ಕೈಮುಗಿದು ಕೇಳುತ್ತೇನೆ.

ಮಂಗಳಾರತಿ ಆದ ಮೇಲೆ ನಾನೀಗ ಐದು ನಿಮಿಷ ಚಾಪೆಯ ಮೇಲೆ ಸುಮ್ಮನೆ ಕೂತಿರುತ್ತೇನೆ. ಯಾರಾದರೂ ಬಂದು ಪಕ್ಕದಲ್ಲಿ ಕೂರಲಿ ಎಂದು. ನೀವೂ ಕೂತುಕೊಳ್ಳಿ.