ದಾನದ ಲೆಕ್ಕಕ್ಕೆ ಸಾಫ್ಟ್‌ವೇರ್: ವಾರ್ಷಿಕ ಸಭೆಯ ಭಾಷಣ

ಮಾನ್ಯ ದಾನಿಗಳೇ, ವಿದ್ಯಾರ್ಥಿಗಳ ತಂದೆತಾಯಂದಿರೇ,

ಪೀಣ್ಯದ ವರ್ಕ್‌ಶಾಪುಗಳಿಂದ ನಗದಾಗಿ, ವೈಟ್‌ಫೀಲ್ಡ್‌ನ ಕಚೇರಿಗಳಿಂದ ಯುಪಿಐ ಮೂಲಕ ಬರುವ ನಿಮ್ಮ ಹಣವನ್ನು ಇಷ್ಟು ದಿನ ಒಂದೇ ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆವು. ಈ ವರ್ಷ ಝಕಾತಿನ ಒಂದು ಮೊತ್ತ ಕಟ್ಟಡ ನಿಧಿಗೆ ಸೇರಿಹೋಗಿತ್ತು. ಖರ್ಚಾಗುವ ಮೊದಲೇ ಕಂಡು ಸರಿಪಡಿಸಿದೆವು. ತಪ್ಪು ನಮ್ಮದೇ. ಝಕಾತ್ ಬಡವರ ಹಕ್ಕು. ಗೋಡೆಗೆ ಹಾಕುವ ಹಣವಲ್ಲ.

ಆದ್ದರಿಂದ ಸಾಫ್ಟ್‌ವೇರ್ ಆರಿಸುವಾಗ ಬೆಲೆಗಿಂತ ಮೊದಲು ನಾಲ್ಕು ಪ್ರಶ್ನೆ ಕೇಳುತ್ತಿದ್ದೇವೆ. ಝಕಾತ್, ಸದಕಾ ಬೇರೆ ಬೇರೆ ಖಾತೆಯಲ್ಲಿ ನಿಲ್ಲುತ್ತವೆಯೇ? ತೆರಿಗೆ ರಿಯಾಯಿತಿಗಾಗಿ ಸಲ್ಲಿಸಬೇಕಾದ ದಾನಿಗಳ ಪಟ್ಟಿ ಗಡುವಿನೊಳಗೆ ಸಿದ್ಧವಾಗುತ್ತದೆಯೇ? ಸಹಾಯ ಪಡೆದ ಕುಟುಂಬದ ಹೆಸರು ಸಮಿತಿಗಷ್ಟೇ ಕಾಣುತ್ತದೆಯೇ? ನಾಳೆ ಆ ಸಾಫ್ಟ್‌ವೇರ್ ಬಿಟ್ಟರೆ ನಮ್ಮ ಮಾಹಿತಿ ಪೂರ್ತಿ ನಮ್ಮ ಕೈಗೆ ಸಿಗುತ್ತದೆಯೇ?

ಸಿವಿಸಿಆರ್‌ಎಂ, ಇಆರ್‌ಪಿನೆಕ್ಸ್ಟ್‌ನಂತಹ ಮುಕ್ತ ಸಾಫ್ಟ್‌ವೇರ್‌ಗಳಿಗೆ ಪರವಾನಗಿ ಶುಲ್ಕವಿಲ್ಲ. ಆದರೆ ನಡೆಸಲು ಬಲ್ಲವರು ಬೇಕು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿಯುವ ನಮ್ಮ ಹಳೆಯ ವಿದ್ಯಾರ್ಥಿಗಳು ತಿಂಗಳಿಗೆ ಎರಡು ಗಂಟೆ ಕೊಟ್ಟರೆ, ಅದೂ ಸದಕಾವೇ.

ದಾನಿಗಳಲ್ಲಿ ಒಂದೇ ವಿನಂತಿ: ಹಣ ಕೊಡುವಾಗ ಪ್ಯಾನ್ ಸಂಖ್ಯೆಯ ಜೊತೆಗೆ ಅದು ಝಕಾತೋ ಸದಕಾವೋ ತಿಳಿಸಿ. ನಿಮ್ಮ ನಿಯ್ಯತ್ತನ್ನು ಯಾವ ಸಾಫ್ಟ್‌ವೇರೂ ಊಹಿಸಲಾರದು.

ಅಲ್ಲಾಹನು ನಿಮ್ಮ ದಾನವನ್ನು ಸ್ವೀಕರಿಸಲಿ.