ಸುರಂಗದ ನೀರು, ಮನೆಯ ನೆಮ್ಮದಿ

(ಬ್ರಹ್ಮಕಲಶೋತ್ಸವದ ಪೂರ್ವಭಾವಿಯಾಗಿ ಶ್ರೀ ಕ್ಷೇತ್ರದ ಅಂಗಳದಲ್ಲಿ ಜರಗಿದ ಧಾರ್ಮಿಕ ಸಭೆಯಲ್ಲಿ ಊರಿನ ನಿವೃತ್ತ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಬರಹರೂಪ)

 

ಸಮಿತಿಯವರು ನನಗೆ ಕೊಟ್ಟ ವಿಷಯ ‘ಸಂತೃಪ್ತ ಜೀವನ’. ಆಮಂತ್ರಣ ಪತ್ರಿಕೆಯಲ್ಲಿ ಅದನ್ನು ಓದಿ ನಮ್ಮ ಮನೆಯವಳು ನಕ್ಕಳು. “ಈ ವಿಷಯ ಕೊಟ್ಟವರಿಗೆ ನಮ್ಮ ಬೋರ್‌ವೆಲ್ಲಿನ ಕಥೆ ಗೊತ್ತಿಲ್ಲವೋ ಏನೋ” ಎಂದಳು. ಆದಕಾರಣ ಆ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ. ಶಾಸ್ತ್ರದ ಮಾತು ಆಮೇಲೆ.

ಇಲ್ಲಿ ಮುಂದುಗಡೆ ಕುಳಿತ ಮಕ್ಕಳಲ್ಲಿ ಸುರಂಗವನ್ನು ಕಂಡವರು ಎಷ್ಟು ಮಂದಿಯೋ ತಿಳಿಯದು. ನಮ್ಮ ಕಾಸರಗೋಡಿನ ಗುಡ್ಡೆಗಳು ಮುರಕಲ್ಲಿನ ಗುಡ್ಡೆಗಳು. ಮಳೆಗಾಲದಲ್ಲಿ ಅವು ನೀರನ್ನು ಕುಡಿದು ಒಡಲಲ್ಲಿ ಇಟ್ಟುಕೊಳ್ಳುತ್ತವೆ. ಗುಡ್ಡೆಯ ಬದಿಯಿಂದ ಒಬ್ಬ ಮನುಷ್ಯ ನಿಂತು ನಡೆಯುವಷ್ಟು ಎತ್ತರಕ್ಕೆ, ಭುಜ ತಾಗದಷ್ಟು ಅಗಲಕ್ಕೆ ಅಡ್ಡಲಾಗಿ ಕೊರೆದುಕೊಂಡು ಹೋದರೆ, ಒಳಗೆ ಎಲ್ಲಿಯೋ ಒಂದು ಕಡೆ ಒಸರು ಸಿಗುತ್ತದೆ. ಆ ನೀರು ತಾನಾಗಿಯೇ ಹೊರಗೆ ಹರಿದು ಬರುತ್ತದೆ. ಅಡಿಕೆ ಮರದ ದಂಬೆ ಇಟ್ಟು ಅದನ್ನು ಮನೆಯಂಗಳಕ್ಕೆ ತರುತ್ತಿದ್ದರು. ಪಂಪು ಬೇಡ, ಕರೆಂಟು ಬೇಡ, ಹಗ್ಗವೂ ಬೇಡ. ಬಾಯಾರು, ಪಡ್ರೆ, ಶೇಣಿಯ ಕಡೆ ಒಂದೊಂದು ಮನೆಗೆ ಎರಡು ಮೂರು ಸುರಂಗಗಳಿದ್ದವು.

ನಮ್ಮ ಮನೆಯ ಸುರಂಗವನ್ನು ತಂದೆಯವರು 1962ರಲ್ಲಿ ತೋಡಿಸಿದರು. ಉದ್ದ 50 ಕೋಲು. ಕೋಲು ಎಂದರೆ ಸುಮಾರು ಎರಡೂವರೆ ಅಡಿ. ಎರಡು ಬೇಸಗೆ ಕೆಲಸ ನಡೆಯಿತಂತೆ. ಒಬ್ಬರು ಪಿಕ್ಕಾಸಿನಿಂದ ಕಡಿಯುವುದು, ಇನ್ನೊಬ್ಬರು ಬುಟ್ಟಿಯಲ್ಲಿ ಮಣ್ಣು ಹೊರುವುದು. ನನ್ನ ಬಾಲ್ಯದ ಸ್ನಾನವೆಲ್ಲ ಆ ದಂಬೆಯ ಕೆಳಗೆಯೇ ಆಯಿತು. ಉರಿಬೇಸಗೆಯ ಮಧ್ಯಾಹ್ನವೂ ಆ ನೀರು ಮೈಗೆ ಬಿದ್ದರೆ ಹಾಯೆನಿಸುತ್ತಿತ್ತು.

1999ನೇ ಇಸವಿ. ಹಿರಿಯರಿಗೆ ನೆನಪಿರಬಹುದು, ಅಡಿಕೆಗೆ ಒಳ್ಳೆಯ ಬೆಲೆ ಬಂದ ಕಾಲ. ಬೆಲೆ ಏರಿದಾಗ ನಮ್ಮ ಮನಸ್ಸೂ ಏರಿತು. ನೆರೆಕರೆಯ ತೋಟದಲ್ಲಿ ಬೋರ್‌ವೆಲ್ ಲಾರಿ ಬಂದು ನಿಂತಿತು. ಸದ್ದು ನಮ್ಮ ಚಾವಡಿಗೆ ಕೇಳಿಸಿತು. ಮರುವಾರ ಅದೇ ಲಾರಿ ನಮ್ಮ ತೋಟಕ್ಕೂ ಬಂತು. ಸುರಂಗದಲ್ಲಿ ನೀರಿರಲಿಲ್ಲವೇ ಎಂದು ಕೇಳಿದರೆ, ಇತ್ತು. ಆದರೆ ಸ್ಪ್ರಿಂಕ್ಲರ್ ತಿರುಗುವಷ್ಟು ಒತ್ತಡ ಇರಲಿಲ್ಲ. ನೀರು ಸಾಲದೆ ಹೋದದ್ದಲ್ಲ, ನೆರೆಯವನ ನೀರಿನ ಎದುರು ನಮ್ಮದು ಸಣ್ಣದಾಗಿ ಕಂಡದ್ದು.

ಮುಂದಿನ ಎರಡು ವರ್ಷಗಳಲ್ಲಿ ಅಡಿಕೆ ಬೆಲೆ ಪಾತಾಳಕ್ಕೆ ಇಳಿಯಿತು. ಸಾಲ ಮಾತ್ರ ಇಳಿಯಲಿಲ್ಲ. ಬೋರ್‌ವೆಲ್ಲಿನ ನೀರೂ ಇಳಿಯಿತು. 2003ರಲ್ಲಿ ಹಳೆಯ ಸಾಲದ ಮೇಲೆ ಹೊಸ ಸಾಲ ಮಾಡಿ ಎರಡನೆಯದನ್ನು ಕೊರೆಸಿದೆ. 480 ಅಡಿ. ಬಂದದ್ದು ಬಿಳಿಯ ಹುಡಿ ಮಾತ್ರ. ಲಾರಿ ಹೋದ ಮೇಲೆ ತೋಟದ ಸೋಗೆಗಳ ಮೇಲೆಲ್ಲ ಆ ಹುಡಿ ಕೂತಿತ್ತು. ಮನೆಯವಳು ಏನೂ ಮಾತಾಡದೆ ಒಳಗೆ ಹೋಗಿ ಕೈಯ ಬಳೆಗಳನ್ನು ತೆಗೆದು ಮೇಜಿನ ಮೇಲೆ ಇಟ್ಟಳು. ಅಡವು ಇಡಲಿಕ್ಕೆ. ಆ ದಿನ ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಎಲ್ಲ ಸೇರಿ ತಲೆಯ ಮೇಲೆ 80,000 ರೂಪಾಯಿ ಸಾಲ, ನೂರಕ್ಕೆ 12ರ ಬಡ್ಡಿ. ತಿಂಗಳಿಗೆ 800 ರೂಪಾಯಿ ಬಡ್ಡಿಗೇ ಹೋಗುತ್ತಿತ್ತು.

2004ರ ಬೇಸಗೆಯಲ್ಲಿ, ತಂದೆಯವರ ಕಾಲದಲ್ಲಿ ನಮ್ಮ ಸುರಂಗ ತೋಡಿದ ಹಿರಿಯರು ಮನೆಗೆ ಬಂದರು. ವಯಸ್ಸು 75 ದಾಟಿತ್ತು. ಬೆಲ್ಲ ನೀರು ಕುಡಿದು, ಕೋಲೂರಿಕೊಂಡು ಗುಡ್ಡೆಯ ಬದಿಗೆ ಹೋದರು. ಐದು ವರ್ಷ ನೋಡುವವರಿಲ್ಲದೆ ಸುರಂಗದ ಬಾಯಿ ಕುಸಿದು ಪೊದೆ ಬೆಳೆದಿತ್ತು. “ಇದರಲ್ಲಿ ನೀರು ಹೋಯಿತಲ್ಲ” ಎಂದೆ. ಅವರು ನನ್ನ ಮುಖ ನೋಡಿದರು. “ನೀರು ಹೋದದ್ದಲ್ಲ ಮಾಸ್ಟ್ರೇ, ನೀವು ಹೋದದ್ದು” ಎಂದರು.

ಅವರು ಬದಿಯಲ್ಲಿ ಕುಳಿತು ಹೇಳಿಕೊಟ್ಟ ಹಾಗೆ ಇಬ್ಬರು ಕೆಲಸದವರು ಆರು ದಿನ ಮಣ್ಣು ತೆಗೆದರು. ಒಳಗೆ ಹೋಗುವಾಗ ದೀಪ ಹಿಡಿದೇ ಹೋಗಬೇಕು, ದೀಪ ನಂದಿದರೆ ಉಸಿರಾಡುವ ಗಾಳಿ ಇಲ್ಲವೆಂದು ತಿಳಿದು ಕೂಡಲೇ ಹಿಂದೆ ಬರಬೇಕು ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಒಟ್ಟು ಖರ್ಚು 2,400 ರೂಪಾಯಿ. ನನ್ನ ಮೂರು ತಿಂಗಳ ಬಡ್ಡಿ!

ನೀರು ಬಂದ ಮೇಲೆ ಅಳೆದು ನೋಡಿದೆ. ಏಪ್ರಿಲ್ ತಿಂಗಳಲ್ಲಿ 10 ಲೀಟರಿನ ಕೊಡಪಾನ ತುಂಬಲು ಎರಡು ನಿಮಿಷ ಬೇಕಾಯಿತು. ಕೇಳಲು ಬಹಳ ಸಣ್ಣದು. ಆದರೆ ಅದು ರಾತ್ರಿ ಹಗಲು ಹರಿಯುತ್ತದೆ. ದಿನಕ್ಕೆ 1,440 ನಿಮಿಷ. ಅಂದರೆ 720 ಕೊಡ, 7,200 ಲೀಟರ್. ಐದು ಜನರ ಮನೆಗೂ ಎರಡು ದನಗಳಿಗೂ 1,200 ಲೀಟರ್ ಧಾರಾಳ ಸಾಕು. ಉಳಿದ 6,000 ಲೀಟರನ್ನು ಟಾಂಕಿಯಲ್ಲಿ ನಿಲ್ಲಿಸಿ, ಹನಿ ನೀರಾವರಿಯಲ್ಲಿ ಮರವೊಂದಕ್ಕೆ 20 ಲೀಟರಿನಂತೆ ಬಿಟ್ಟರೆ 300 ಅಡಿಕೆ ಮರಗಳಿಗೆ ನಿತ್ಯ ನೀರು. ನಾನು ಲೆಕ್ಕ ಕಲಿಸಿದ ಮಾಸ್ಟ್ರು. ಶಾಲೆಯಲ್ಲಿ ಇಂತಹ ಲೆಕ್ಕ ಎಷ್ಟೋ ಮಾಡಿಸಿದ್ದೆ. ನನ್ನ ಮನೆಯ ಲೆಕ್ಕವನ್ನು ಮಾತ್ರ ಮಾಡಿರಲಿಲ್ಲ.

ಭಕ್ತರೇ, ಇನ್ನು ಶಾಸ್ತ್ರದ ಮಾತು. ಪತಂಜಲಿ ಮಹರ್ಷಿಗಳು ಯೋಗಸೂತ್ರದಲ್ಲಿ ಐದು ನಿಯಮಗಳನ್ನು ಹೇಳಿದ್ದಾರೆ: ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ. ಇಲ್ಲಿ ಸಂತೋಷವೆಂದರೆ ನಗುವುದಲ್ಲ, ತೃಪ್ತಿ. ಅದನ್ನು ನಿಯಮವೆಂದು ಕರೆದುದನ್ನು ಗಮನಿಸಬೇಕು. ತೃಪ್ತಿ ತಾನಾಗಿ ಬರುವುದಿಲ್ಲ. ಸ್ನಾನದಂತೆ, ಸಂಧ್ಯಾವಂದನೆಯಂತೆ, ದಿನಾಲೂ ಅಭ್ಯಾಸ ಮಾಡಬೇಕು. ಒಂದು ದಿನ ಬಿಟ್ಟರೆ ಸುರಂಗದ ಬಾಯಿಯಂತೆ ಅದೂ ಮುಚ್ಚಿಕೊಳ್ಳುತ್ತದೆ.

ನಮ್ಮ ಮನೆಯಲ್ಲಿ ಆ ಅಭ್ಯಾಸ ಒಂದು ನೋಟು ಪುಸ್ತಕದಿಂದ ಆರಂಭವಾಯಿತು. ಮನೆಯವಳು ಒಂದು ತಿಂಗಳ ಖರ್ಚನ್ನೆಲ್ಲ ಬರೆದಿಟ್ಟಳು. ಅಕ್ಕಿ, ಎಣ್ಣೆ, ಮದ್ದು, ಮಕ್ಕಳ ಫೀಸು ಇವನ್ನು ಒಂದು ಬದಿಗೆ. ಪೇಟೆಗೆ ಸುಮ್ಮನೆ ಹೋದದ್ದು, ಹೋಟೆಲಿನ ತಿಂಡಿ, ಬಾಟ್ಲಿಯ ಪಾನೀಯ, ಪೊಟ್ಟಣದ ಚಿಪ್ಸ್ ಇವನ್ನು ಇನ್ನೊಂದು ಬದಿಗೆ. ಅದಕ್ಕೆ ಅವಳು ಕೊಟ್ಟ ಹೆಸರು ‘ಬೇಸರ ಕಳೆಯಲು’. ತಿಂಗಳ ಕೊನೆಗೆ ಕೂಡಿಸಿದರೆ 1,150 ರೂಪಾಯಿ! ಬಡ್ಡಿ 800, ಬೇಸರ 1,150. ಬಡ್ಡಿಗೆ ಹಣವಿಲ್ಲವೆಂದು ಕೊರಗುತ್ತಿದ್ದ ನಾವು, ಆ ಕೊರಗನ್ನು ಮರೆಯಲು ಬಡ್ಡಿಗಿಂತ ಹೆಚ್ಚು ಖರ್ಚು ಮಾಡುತ್ತಿದ್ದೆವು.

ನಾವು ಮಕ್ಕಳಿಗೆ ಏನನ್ನೂ ನಿಷೇಧಿಸಲಿಲ್ಲ. ಬೇಡ ಎಂದರೆ ಮಕ್ಕಳಿಗೆ ಅದೇ ಬೇಕಾಗುತ್ತದೆ. ಬದಲಿಗೆ ಮನೆಯಲ್ಲಿ ಮರೆತುಹೋದ ಕೆಲವನ್ನು ಪುನಃ ತಂದೆವು. ಪುನರ್ಪುಳಿ ಸಿಪ್ಪೆ ಒಣಗಿಸಿಟ್ಟು ಬೇಸಗೆಯಿಡೀ ಶರಬತ್ತು. ಹಲಸಿನ ಕಾಲದಲ್ಲಿ ಎಲ್ಲರೂ ಅಂಗಳದಲ್ಲಿ ಕುಳಿತು ಹಪ್ಪಳ ಒತ್ತುವುದು. ಮಾಂಬಳ, ಉಪ್ಪಿನ ಸೊಳೆ, ತಿಮರೆ ತಂಬುಳಿ. ಜೋರು ಮಳೆಯ ಸಂಜೆ ಕೆಂಡದ ಮೇಲೆ ಸುಟ್ಟ ಹಪ್ಪಳಕ್ಕೆ ಒಂದು ತುಂಡು ತೆಂಗಿನಕಾಯಿ ಸೇರಿದರೆ ಯಾವ ಹೋಟೆಲಿಗೆ ಹೋಗಬೇಕೆಂದು ಅನಿಸುತ್ತದೆ?

ಮತ್ತೊಂದು, ಶನಿವಾರದ ತಾಳಮದ್ದಳೆ. ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆ ನಮ್ಮದು. ಶೇಣಿ ಗೋಪಾಲಕೃಷ್ಣ ಭಟ್ಟರಂತಹ ಮಹಾನ್ ಅರ್ಥಧಾರಿಗಳನ್ನು ಕೊಟ್ಟ ಮಣ್ಣು ಇದು. ವೇಷ ಬೇಡ, ರಂಗಸ್ಥಳ ಬೇಡ. ಒಬ್ಬರು ಭಾಗವತರು, ಒಂದು ಮದ್ದಳೆ, ನಾಲ್ಕು ಮಂದಿ ಮಾತು ಬಲ್ಲವರು, ಒಂದು ಚಾಪೆ. ನಮ್ಮ ಚಾವಡಿಯಲ್ಲಿ ‘ಕೃಷ್ಣ ಸಂಧಾನ’ ನಡೆದ ರಾತ್ರಿ ಖರ್ಚಾದದ್ದು ಚಹಾ ಮತ್ತು ಅವಲಕ್ಕಿ ಮಾತ್ರ. ಕೌರವನ ಅರಮನೆಯ ಭೋಜನವನ್ನು ಬಿಟ್ಟು ವಿದುರನ ಮನೆಗೆ ಹೋದ ಕೃಷ್ಣನ ಕಥೆಯನ್ನು ನನ್ನ ಮಗ ಬಾಯಿ ತೆರೆದು ಕೇಳಿದ. 1956ರಿಂದ ಕೇರಳಕ್ಕೆ ಸೇರಿದ ನಾವು ಮಕ್ಕಳ ಕನ್ನಡ ಹೋಗುತ್ತಿದೆ ಎಂದು ಚಿಂತಿಸುತ್ತೇವೆ. ಫೀಸಿಲ್ಲದೆ ಕನ್ನಡ ಕಲಿಸುವ ಶಾಲೆ ನಮ್ಮ ಚಾವಡಿಯಲ್ಲೇ ಇದೆ.

ಹೀಗೆ ತಿಂಗಳಿಗೆ 700 ರೂಪಾಯಿಯಷ್ಟು ಉಳಿಯಿತು. ಅದಕ್ಕೆ ಅಡಿಕೆಯ ಆದಾಯ ಸೇರಿಸಿ ಸ್ವಲ್ಪ ಸ್ವಲ್ಪವಾಗಿ ಅಸಲು ತೀರಿಸಿದೆವು. 2009ರ ಚೌತಿಗೆ ಮೊದಲು ಬಳೆಗಳು ಮನೆಗೆ ಬಂದವು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ತೃಪ್ತಿಯೆಂದರೆ ಕೈಕಟ್ಟಿ ಕುಳಿತುಕೊಳ್ಳುವುದಲ್ಲ. ಗಡಿಯಾಚೆ ನಮ್ಮ ಪಕ್ಕದಲ್ಲೇ ಇರುವ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರನ್ನು ನೆನಪಿಸಿಕೊಳ್ಳಿ. ಅಡಿಕೆ ಕೊಯ್ಯುವ ಕೆಲಸ ಮಾಡುತ್ತಿದ್ದವರು. ಸಿಕ್ಕಿದ ಬೋಳು ಗುಡ್ಡೆಯಲ್ಲಿ ಒಬ್ಬರೇ ಸುರಂಗ ತೋಡಿದರು. ಒಂದರ ಹಿಂದೆ ಒಂದರಂತೆ ಹಲವು ಸುರಂಗಗಳಲ್ಲಿ ನೀರು ಸಿಗದಿದ್ದರೂ ಬಿಡಲಿಲ್ಲ. ಕೊನೆಗೆ ನೀರು ಬಂತು, ತೋಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. ದುಡಿಮೆಯಲ್ಲಿ ಅವರಿಗೆ ಸಾಕೆಂಬುದಿರಲಿಲ್ಲ, ಬಯಕೆಯಲ್ಲಿ ಇತ್ತು. ನಾವು ಹೆಚ್ಚಿನವರು ಇದನ್ನು ತಿರುಗಿಸಿ ಮಾಡುತ್ತೇವೆ.

ಅಂತೆಯೇ ಉಳಿತಾಯದ ಹೆಸರಿನಲ್ಲಿ ಕೆಲಸದವರ ಸಂಬಳ ಕಡಿಮೆ ಮಾಡಬಾರದು, ಹೆತ್ತವರ ಮದ್ದು ಮುಂದೂಡಬಾರದು, ಮಗಳ ಓದು ನಿಲ್ಲಿಸಬಾರದು. ಅದು ಉಳಿತಾಯವಲ್ಲ, ಇನ್ನೊಬ್ಬರಿಂದ ಕಸಿದದ್ದು. ಬೋರ್‌ವೆಲ್ಲನ್ನೇ ನಂಬಿರುವ ಮನೆಗಳೂ ಇಲ್ಲಿವೆ, ಅವರನ್ನು ನಾನು ದೂರುವುದಿಲ್ಲ. ಎಲ್ಲ ಗುಡ್ಡೆಯಲ್ಲೂ ಒಸರಿಲ್ಲ. ಇದ್ದ ಒಸರನ್ನು ಮುಚ್ಚಿ ಸಾಲಕ್ಕೆ ಹೋಗಬೇಡಿ ಎಂದಷ್ಟೇ ನನ್ನ ಪ್ರಾರ್ಥನೆ. ಸಾಲಕ್ಕೆ ತೋಟ ಮಾರಿ ಊರು ಬಿಟ್ಟ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. ಒಂದು ಮನೆ ಹೋದರೆ ಶಾಲೆಯಲ್ಲಿ ಎರಡು ಮಕ್ಕಳು ಕಡಿಮೆ, ಈ ದೇವಸ್ಥಾನದ ಭಜನೆಯಲ್ಲಿ ನಾಲ್ಕು ಸ್ವರ ಕಡಿಮೆ.

ಕೊನೆಯದಾಗಿ ಮೂರು ವಿಜ್ಞಾಪನೆ. ಒಂದು, ಈ ಬೇಸಗೆಯಲ್ಲಿ ತಮ್ಮ ತಮ್ಮ ಸುರಂಗ, ಗುಡ್ಡೆಯ ಮೇಲಿನ ಮದಕಗಳನ್ನು ಬಲ್ಲವರ ಸಹಾಯದಿಂದ ನೋಡಿಸಿರಿ, ಯಾರೂ ಒಬ್ಬರೇ ಒಳಗೆ ಹೋಗಬೇಡಿ. ಮಳೆ ಹೋದ ಮೇಲೆ ನಮ್ಮ ಹಿರಿಯರು ಮಾಡುತ್ತಿದ್ದಂತೆ ತೋಡಿಗೆ ಒಟ್ಟು ಸೇರಿ ಕಟ್ಟ ಕಟ್ಟೋಣ. ಎರಡು, ಒಂದೇ ಒಂದು ತಿಂಗಳು ಖರ್ಚನ್ನು ಬರೆದಿಡಿ. ‘ಬೇಸರ ಕಳೆಯಲು’ ಎಂಬ ಬದಿಯನ್ನು ಮರೆಯಬೇಡಿ. ಈಗ ಫೋನಿನಲ್ಲಿಯೇ ಹಣ ಹೋಗುವುದರಿಂದ ಅದು ಹೋದದ್ದೇ ತಿಳಿಯುವುದಿಲ್ಲ, ಬರೆದರೆ ತಿಳಿಯುತ್ತದೆ. ಮೂರು, ಮದುವೆ, ಉಪನಯನ, ಒಕ್ಕಲುಗಳಿಗೆ ಸಾಲ ಮಾಡಬೇಡಿ. ಈ ಸನ್ನಿಧಿಯಲ್ಲಿ ಬಾಳೆಲೆಯಲ್ಲಿ ಅನ್ನ, ಸಾರು, ಒಂದು ಪಾಯಸ ಬಡಿಸಿದರೆ ಕಡಿಮೆಯಾಯಿತೆಂದು ಹೇಳುವ ನೆಂಟರಿದ್ದರೆ, ಅವರನ್ನು ನನ್ನ ಬಳಿಗೆ ಕಳುಹಿಸಿ. ಬೋರ್‌ವೆಲ್ಲಿನ ಕಥೆ ಹೇಳುತ್ತೇನೆ.

ವಿಷ್ಣು ಅಲಂಕಾರಪ್ರಿಯ, ನಮ್ಮ ಶಿವನು ಅಭಿಷೇಕಪ್ರಿಯ ಎಂಬುದು ರೂಢಿಯ ಮಾತು. ನಾವು ಶಿಲಾಮಯ ಗರ್ಭಗುಡಿ ಕಟ್ಟಿದ್ದೇವೆ, ತಾಮ್ರದ ಮಾಡು ಹೊದೆಸಿದ್ದೇವೆ. ಅದು ನಮ್ಮ ಭಕ್ತಿ, ಆಗಬೇಕಾದದ್ದೇ. ಆದರೆ ಮುಹೂರ್ತದ ಹೊತ್ತಿಗೆ ಬ್ರಹ್ಮಕಲಶದಲ್ಲಿ ತುಂಬಿ ಸ್ವಾಮಿಗೆ ಎರೆಯುವುದು ಮಂತ್ರಪೂತವಾದ ನೀರು. ಅದು ಮುಗಿದ ಮೇಲೂ ಧಾರಾಪಾತ್ರೆಯಿಂದ ಹನಿ ಹನಿಯಾಗಿ ಬೀಳುವುದೂ ನೀರೇ. ಆ ಹನಿಯಲ್ಲಿ ತೃಪ್ತನಾಗುವ ದೇವರು ನಮ್ಮ ಮನೆ ಮನೆಗಳಿಗೂ ಅಂತಹ ತೃಪ್ತಿಯನ್ನು ಅನುಗ್ರಹಿಸಲಿ, ಊರಿಗೆ ಸುಭಿಕ್ಷವನ್ನುಂಟುಮಾಡಲಿ ಎಂದು ಪ್ರಾರ್ಥಿಸುತ್ತೇನೆ.