ಕೆಲಸ ಇದೆಯೇ ಎಂದಷ್ಟೇ ಕೇಳಿದರೆ ಸಾಲದು
(ಶಿಡ್ಲಘಟ್ಟದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಸರಕಾರದ ಉದ್ಯೋಗ ಸಮೀಕ್ಷೆಯ ಕುರಿತು ಮಾತಾಡಬೇಕೆಂದು ನಮಗೆ ಸೂಚಿಸಲಾಗಿದೆ. ಅಂಕಿ ಅಂಶಗಳ ವಿಷಯವೆಂದೊಡನೆ ಹಿಂದಿನ ಸಾಲಿನಲ್ಲಿ ಕೆಲವರು ಚಹಾ ಕುಡಿಯಲು ಎದ್ದಿದ್ದಾರೆ. ಅಡ್ಡಿಯಿಲ್ಲ. ಗೂಡು ಬೇಯುವ ವಾಸನೆ ಈ ಸಭಾಂಗಣದೊಳಕ್ಕೂ ಬರುತ್ತಿರುವುದರಿಂದ ನಾವು ಅಲ್ಲಿಂದಲೇ ಆರಂಭಿಸುತ್ತೇವೆ.

ಗೂಡಿನ ಬೆಲೆ ಕುಸಿದರೆ ಅದು ಮರುದಿನವೇ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, ಆಗಲೂ ಬೇಕು. ಆದರೆ ಆ ಗೂಡಿನಿಂದ ನೂಲು ಬಿಚ್ಚುವವನ ಕೈಯನ್ನು ನೋಡಿದವರೆಷ್ಟು ಮಂದಿ? ದಿನವಿಡೀ ಬಿಸಿನೀರಿನಲ್ಲಿ ಅದ್ದಿದ ಬೆರಳುಗಳು ಬಿಳಿಚಿಕೊಂಡು ಬಿರಿದಿರುತ್ತವೆ. ಒಲೆಯ ಹೊಗೆ, ನೀರಿನ ಹಬೆ, ಸತ್ತ ಹುಳುವಿನ ದುರ್ಗಂಧ ಇವೆಲ್ಲವೂ ಗಾಳಿಯಾಡದ ಒಂದೇ ಕೋಣೆಯಲ್ಲಿ. ದೇಶದ ಲೆಕ್ಕಪತ್ರದಲ್ಲಿ ಈತ 'ಉದ್ಯೋಗ ಇರುವವನು'. ಅಷ್ಟಕ್ಕೇ ಲೆಕ್ಕ ಮುಗಿಯುತ್ತದೆ.

ಕೇಂದ್ರ ಸರಕಾರವು 2017ರ ಏಪ್ರಿಲ್‌ನಿಂದ ನಡೆಸುತ್ತಿರುವ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯ ಒಂದು ಅಳತೆಯ ಪ್ರಕಾರ, ಹಿಂದಿನ ಏಳು ದಿನಗಳ ಪೈಕಿ ಯಾವುದೇ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಆತ ಉದ್ಯೋಗಸ್ಥನೇ. ಕೆಲಸ ಇದೆಯೋ ಇಲ್ಲವೋ ಎಂಬುದನ್ನು ಹೀಗೆ ಅಳೆಯಬಹುದು. ಅದು ಎಂತಹ ಕೆಲಸ ಎಂಬುದನ್ನು ಅಳೆಯಲು ಬೇರೆ ಪ್ರಶ್ನೆಗಳು ಬೇಕು. ಸಮೀಕ್ಷೆಯಲ್ಲಿ ಅಂತಹ ಪ್ರಶ್ನೆಗಳೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ದುಡಿದ ಗಂಟೆ, ಬಂದ ಆದಾಯ, ಲಿಖಿತ ಕರಾರು, ವೇತನಸಹಿತ ರಜೆ, ಪಿಂಚಣಿ ಮೊದಲಾದ ಸಾಮಾಜಿಕ ಭದ್ರತೆ ಇವುಗಳನ್ನು ಅದು ಕೇಳುತ್ತದೆ. ಮೊದಲ ವರ್ಷದ, ಅಂದರೆ 2017-18ರ ಉತ್ತರ ಇದು: ಕೃಷಿಯೇತರ ಕ್ಷೇತ್ರದ ಖಾಯಂ ಸಂಬಳದಾರರಲ್ಲೇ ಶೇ. 71.1 ಮಂದಿಗೆ ಲಿಖಿತ ಕರಾರು ಇರಲಿಲ್ಲ, ಶೇ. 54.2 ಮಂದಿಗೆ ವೇತನಸಹಿತ ರಜೆ ಇರಲಿಲ್ಲ, ಶೇ. 49.6 ಮಂದಿಗೆ ಯಾವ ಸಾಮಾಜಿಕ ಭದ್ರತೆಯೂ ಇರಲಿಲ್ಲ. ಗಮನಿಸಿ, ಇದು ಸಂಬಳದಾರರ ಸ್ಥಿತಿ. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಮೂಟೆ ಹೊರುವವರು ಈ ಲೆಕ್ಕದೊಳಗೆ ಬರುವುದೇ ಇಲ್ಲ.

ಯೂರೋಪಿನಲ್ಲಿ 1990ರ ದಶಕದ ಆರಂಭದಿಂದಲೇ ಬೇರೊಂದು ಬಗೆಯ ಸಮೀಕ್ಷೆ ನಡೆಯುತ್ತಿದೆ. ದೊಡ್ಡ ಸದ್ದಿನಲ್ಲಿ ದುಡಿಯುತ್ತೀರಾ, ಹೊಗೆ ಅಥವಾ ಆವಿಯನ್ನು ಉಸಿರಾಡುತ್ತೀರಾ, ದೇಹ ನೋಯುವ ಭಂಗಿಯಲ್ಲಿ ಇರಬೇಕಾಗುತ್ತದೆಯೇ ಎಂದು ಅಲ್ಲಿ ಕಾರ್ಮಿಕನನ್ನೇ ಕೇಳುತ್ತಾರೆ. ಈ ಮೂರು ಪ್ರಶ್ನೆಗಳನ್ನು ಶಿಡ್ಲಘಟ್ಟದ ಚರಕದ ಮುಂದೆ ಕೇಳಿದರೆ ಉತ್ತರ ಏನೆಂದು ನಿಮಗೆ ನಾವು ಹೇಳಬೇಕಾಗಿಲ್ಲ.

ಅಲ್ಲಿಯವರು ಕೇಳದ, ಇಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ. ಅದು ಮುಂಗಡದ್ದು. ಮಗಳ ಮದುವೆಗೋ ತಾಯಿಯ ಆಪರೇಷನ್‌ಗೋ ಮಾಲಕರಿಂದ ಮುಂಗಡ ಪಡೆದವನು ಅದನ್ನು ತೀರಿಸುವವರೆಗೆ ಬೇರೆ ಘಟಕಕ್ಕೆ ಹೋಗುವಂತಿಲ್ಲ. ಹಾಗೆ ಹೋಗಬಯಸಿದರೆ ಹೊಸ ಮಾಲಕನಿಂದ ಮುಂಗಡ ಪಡೆದು ಹಳೆಯದನ್ನು ತೀರಿಸಬೇಕು. ಮುಂಗಡ ಕೊಟ್ಟು ದುಡಿಮೆಯನ್ನು ಕಟ್ಟಿಹಾಕುವುದನ್ನು 1976ರ ಜೀತ ಪದ್ಧತಿ ರದ್ದತಿ ಕಾನೂನು ನಿಷೇಧಿಸಿದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು 1982ರಲ್ಲಿ ಸುಪ್ರೀಂ ಕೋರ್ಟು ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಹೇಳಿತು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಕುರಿತು ವರದಿ ಪ್ರಕಟಿಸಿದಾಗ ಕರ್ನಾಟಕದ ನೂಲು ಘಟಕಗಳು ಅದರಲ್ಲಿದ್ದವು. ಮುಂಗಡವೇ ಆ ಮಕ್ಕಳನ್ನು ಕಟ್ಟಿದ ಹಗ್ಗವಾಗಿತ್ತು.

ಇಲ್ಲಿ ಒಂದು ಕಹಿ ಮಾತನ್ನು ಆಡಲೇಬೇಕು. ಈ ಊರಿನ ಘಟಕಗಳ ಮಾಲಕರಲ್ಲಿ ನಮ್ಮವರೂ ಇದ್ದಾರೆ, ಕಾರ್ಮಿಕರಲ್ಲಿ ನಮ್ಮವರೂ ಇದ್ದಾರೆ. ಜುಮಾ ನಮಾಝ್‌ನಲ್ಲಿ ಇಬ್ಬರೂ ಒಂದೇ ಸಫ್‌ನಲ್ಲಿ ನಿಲ್ಲುತ್ತಾರೆ. ಕೂಲಿಯಾಳಿನ ಹಕ್ಕಿನ ಕುರಿತ ಖುತ್ಬಾಕ್ಕೆ ತಲೆದೂಗಿ, ಮುಂಗಡದ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ. ಸರಕಾರ ಕೇಳಲಿಲ್ಲವೆಂದು ದೂರುವ ಮುನ್ನ ಮಹಲ್ಲಾದ ಜಮಾಅತ್ ಎಂದಾದರೂ ಕೇಳಿದೆಯೇ? ಗೂಡಿನ ಬೆಲೆ ಒಂದೆಡೆ, ನೂಲಿನ ಬೆಲೆ ಇನ್ನೊಂದೆಡೆ ಹಿಂಡುವಾಗ ಸಣ್ಣ ಮಾಲಕನ ಗತಿಯೂ ಹೆಚ್ಚು ಭಿನ್ನವಲ್ಲ ಎಂಬುದು ನಮಗೆ ಗೊತ್ತು. ಅದನ್ನೂ ಲೆಕ್ಕಕ್ಕೆ ತರಬೇಕು.

2006ರ ಸಾಚಾರ್ ವರದಿಯನ್ನು ನಾವೆಲ್ಲ ಭಾಷಣಗಳಲ್ಲಿ ಉಲ್ಲೇಖಿಸುತ್ತೇವೆ. ಮುಸ್ಲಿಮರಲ್ಲಿ ಸ್ವಉದ್ಯೋಗಿಗಳು ಅಧಿಕ, ಖಾಯಂ ಸಂಬಳದವರು ಕಡಿಮೆ, ಮನೆಯೊಳಗೇ ದುಡಿಯುವ ಮಹಿಳೆಯರು ಹೆಚ್ಚು ಎಂದು ಅದು ಹೇಳಿದ್ದು 2004-05ರ ಇಂತಹದೇ ರಾಷ್ಟ್ರೀಯ ಸಮೀಕ್ಷೆಯ ಆಧಾರದಿಂದ. ಬಾಗಿಲಿಗೆ ಬಂದವರಿಗೆ ಯಾರೋ ಉತ್ತರಿಸಿದ್ದರಿಂದಲೇ ನಮಗಿಂದು ಆ ಪುರಾವೆ ಲಭ್ಯವಾಗಿದೆ.

ಆದರೆ ಉತ್ತರಿಸುವವರು ಯಾರು? ಸಾಮಾನ್ಯವಾಗಿ ಮನೆಯ ಯಜಮಾನರು. 'ಹೆಂಗಸರು ಏನು ಮಾಡುತ್ತಾರೆ?' ಎಂದರೆ 'ಮನೆಯಲ್ಲೇ ಇರುತ್ತಾರೆ' ಎಂದುಬಿಡುತ್ತಾರೆ. ಒಳಗೆ ಆಕೆ ಸೀರೆಗೆ ಕುಚ್ಚು ಕಟ್ಟುತ್ತಿರುತ್ತಾಳೆ, ಹುಣಸೆಯ ಬೀಜ ಬಿಡಿಸುತ್ತಿರುತ್ತಾಳೆ, ಗಂಡನ ಚರಕದ ಬಳಿ ಗೂಡು ಆರಿಸುತ್ತಿರುತ್ತಾಳೆ. ಕುಟುಂಬದ ಉದ್ಯಮದಲ್ಲಿ ಸಂಬಳವಿಲ್ಲದೆ ನೆರವಾಗುವವರನ್ನೂ ದುಡಿಯುವವರೆಂದು ಬರೆಯಲು ಸಮೀಕ್ಷೆಯಲ್ಲಿ ಪ್ರತ್ಯೇಕ ಸಂಕೇತವಿದೆ. ನಮ್ಮ ಒಂದು ವಾಕ್ಯದಿಂದ ಆಕೆ ಗೃಹಕೃತ್ಯದ ಕಲಮಿಗೆ ಸೇರಿ ಕಾರ್ಮಿಕರ ಪಟ್ಟಿಯಿಂದಲೇ ಮಾಯವಾಗುತ್ತಾಳೆ. ಮರ್ಯಾದೆಯ ಹೆಸರಿನಲ್ಲಿ ಆಡುವ ಈ ಸುಳ್ಳಿನ ನಷ್ಟ ಆಕೆಗೇ.

ಪೌರತ್ವದ ವಿವಾದ ಎದ್ದ 2019-20ರ ದಿನಗಳಿಂದ ಪುಸ್ತಕ ಹಿಡಿದು ಬರುವವರನ್ನು ಕಂಡರೆ ಜನರಿಗೆ ಅನುಮಾನ. ಆ ಅನುಮಾನ ಬುಡವಿಲ್ಲದ್ದೆಂದು ನಾವು ಹೇಳುವುದಿಲ್ಲ. ಗುರುತಿನ ಚೀಟಿ ಕೇಳಿ ನೋಡಿ, ಅದು ನಿಮ್ಮ ಹಕ್ಕು. ಸಂಗ್ರಹಿಸಿದ ಮಾಹಿತಿಯನ್ನು ಅಂಕಿ ಅಂಶಗಳ ಉದ್ದೇಶಕ್ಕಷ್ಟೇ ಬಳಸಬೇಕೆಂದು 2008ರ ಕಾನೂನು ವಿಧಿಸುತ್ತದೆ. 2025ರ ಜನವರಿಯಿಂದ ಸಮೀಕ್ಷೆಯ ಮಾದರಿ ಆಯ್ಕೆಗೆ ಜಿಲ್ಲೆಯೇ ಘಟಕವಾಗಿದೆ. ಆದ್ದರಿಂದ ನಮ್ಮ ಜಿಲ್ಲೆಯಲ್ಲೂ ಮನೆಗಳು ಆಯ್ಕೆಯಾಗುತ್ತವೆ. ಆಯ್ಕೆಯಾದ ಮನೆಗೆ ಸತತ ನಾಲ್ಕು ತಿಂಗಳು ಬರುತ್ತಾರೆ. ಮೊದಲ ತಿಂಗಳು ಯಜಮಾನರೇ ಉತ್ತರಿಸಿದ್ದರೆ, ಎರಡನೆಯ ಬಾರಿ ಬಂದಾಗ ದಯವಿಟ್ಟು ಪರದೆಯ ಹಿಂದಿನಿಂದಲಾದರೂ ಆಕೆಯೇ ಉತ್ತರಿಸಲು ಬಿಡಿ.